ಮುಂದಿನ ಬಣ್ಣ, ಹಿಂದಿನ ಸಣ್ಣ ಅಕ್ಷರ: ನಮ್ಮೂರಿನ ಒಂದು ಸಿರಿಧಾನ್ಯ ಅಂಗಡಿ

ಶಿವಮೊಗ್ಗದಲ್ಲಿ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಒಂದು ಸಿರಿಧಾನ್ಯ ಅಂಗಡಿ ಇದೆ. ಸಾಮೆ, ನವಣೆ, ಊದಲು, ಹಾರಕ, ಗಾಣದ ಎಣ್ಣೆ, ಜೋನಿ ಬೆಲ್ಲ, ಅಪ್ಪೆಮಿಡಿ, ಹಲಸಿನ ಹಪ್ಪಳ, ಬಗೆಬಗೆಯ ಚಟ್ನಿಪುಡಿ, ರಾಗಿ ಬಿಸ್ಕತ್ತು, ಲಡ್ಡು. ಮಲೆನಾಡಿನ ಅಡುಗೆಮನೆಗೆ ಬೇಕಾದದ್ದು ಬಹುಪಾಲು ಅಲ್ಲೇ ಸಿಗುತ್ತದೆ. ಅಂಗಡಿ ಚೊಕ್ಕವಾಗಿದೆ. ಕಾಳಿನಲ್ಲಿ ಹುಳ ಇಲ್ಲ, ಕಲ್ಲು ಇಲ್ಲ. ನಡೆಸುವ ಗಂಡ ಹೆಂಡತಿ ಇಬ್ಬರದ್ದೂ ಒಳ್ಳೆಯ ಮಾತು, ಸರಿಯಾದ ತೂಕ.

ಆದರೂ ಈ ವಿಮರ್ಶೆಯಲ್ಲಿ ರುಚಿಯ ವಿಷಯ ಕಡಿಮೆ, ಲೇಬಲ್ ವಿಷಯ ಜಾಸ್ತಿ. ನಾನು ಡಿಟಿಪಿ ಕೆಲಸ ಮಾಡುವವಳು. ಮದುವೆ ಕಾರ್ಡು, ಬಿಲ್ ಬುಕ್ಕುಗಳ ಜೊತೆಗೆ ಸಣ್ಣ ತಯಾರಕರ ಉಪ್ಪಿನಕಾಯಿ, ಮಸಾಲೆಪುಡಿ, ಚಕ್ಕುಲಿ ಪ್ಯಾಕೆಟ್ಟಿನ ಸ್ಟಿಕ್ಕರ್‌ಗಳನ್ನೂ ಮಾಡಿಕೊಡುತ್ತೇನೆ. ಆ ಕೆಲಸಕ್ಕೆ ನಿಯಮ ಓದಲೇಬೇಕಾಯಿತು. ಇನ್ನೊಂದು, ಮನೆಯಲ್ಲಿ ಮಾವನವರಿಗೆ ಶುಗರ್ ಮತ್ತು ಬಿಪಿ ಎರಡೂ ಇವೆ. ಅಕ್ಕನ ಮಗನಿಗೆ ಶೇಂಗಾ ಆಗುವುದಿಲ್ಲ, ಒಂದು ಕಾಳು ಬಾಯಿಗೆ ಹೋದರೂ ತುಟಿ ಊದಿಕೊಳ್ಳುತ್ತದೆ. ಹಾಗಾಗಿ ನಾನು ಯಾವ ಪ್ಯಾಕೆಟ್ ಕೈಗೆತ್ತಿಕೊಂಡರೂ ಮೊದಲು ತಿರುಗಿಸಿ ಹಿಂಬದಿ ನೋಡುತ್ತೇನೆ.

ಅಂಗಡಿಯ ಹೆಸರು, ಕಂಪನಿಗಳ ಹೆಸರು ಇಲ್ಲಿ ಬರೆಯುವುದಿಲ್ಲ. ಒಬ್ಬಿಬ್ಬರು ತಯಾರಕರು ಲೇಬಲ್ ತಿದ್ದುವ ಕೆಲಸದಲ್ಲಿದ್ದಾರೆ, ಅವರನ್ನು ಈಗಲೇ ಬೀದಿಗೆ ಎಳೆಯುವುದು ಸರಿಯಲ್ಲ. ಇಲ್ಲಿ ಹೇಳುವ ತಪ್ಪುಗಳು ನಿಮ್ಮೂರಿನ ಅಂಗಡಿಯಲ್ಲೂ ಇರುತ್ತವೆ, ಹುಡುಕಿದರೆ ಸಿಗುತ್ತವೆ.

ಮೊದಲು ರಾಗಿ ಬಿಸ್ಕತ್ತು. ಈ ಅಂಗಡಿಯಲ್ಲಿ ಅತಿ ಹೆಚ್ಚು ಖರ್ಚಾಗುವ ತಿಂಡಿ ಇದೇ ಎಂದು ಅಂಗಡಿಯವರೇ ಹೇಳಿದರು. ಕಂದು ಬಣ್ಣದ ಪ್ಯಾಕೆಟ್, ಮೇಲೆ ತುಂಬಿದ ರಾಗಿ ತೆನೆಯ ಫೋಟೊ, ಮರದ ಬಟ್ಟಲಿನಲ್ಲಿ ರಾಗಿ ಕಾಳು. ತಿರುಗಿಸಿದರೆ ಪದಾರ್ಥಗಳ ಪಟ್ಟಿ ಹೀಗಿದೆ. ಮೈದಾ, ಸಕ್ಕರೆ, ತಾಳೆ ಎಣ್ಣೆ, ರಾಗಿ ಹಿಟ್ಟು 8%, ಆಮೇಲೆ ಹಾಲಿನ ಪುಡಿ, ಉಪ್ಪು, ಉಬ್ಬಿಸುವ ಪುಡಿಗಳಾದ ಐಎನ್‌ಎಸ್ 503(ii) ಮತ್ತು 500(ii).

ಈ ಪಟ್ಟಿಯನ್ನು ಯಾರೂ ತಮಗೆ ತೋಚಿದ ಹಾಗೆ ಬರೆಯುವಂತಿಲ್ಲ. ತಯಾರಿಸುವಾಗ ಯಾವುದು ತೂಕದಲ್ಲಿ ಹೆಚ್ಚೋ ಅದು ಮೊದಲು, ಕಡಿಮೆ ಇರುವುದು ಕೊನೆಗೆ. ಇದು ಕಾನೂನು. ಅಂದರೆ ಇದು ಮೈದಾ ಬಿಸ್ಕತ್ತು. ರಾಗಿಗಿಂತ ಸಕ್ಕರೆ ಜಾಸ್ತಿ, ರಾಗಿಗಿಂತ ಎಣ್ಣೆ ಜಾಸ್ತಿ. ಆ 8% ಎಂಬ ಅಂಕಿಯನ್ನೂ ಕಂಪನಿ ತಾನಾಗಿ ಕೊಟ್ಟದ್ದಲ್ಲ. 2020ರ ಲೇಬಲಿಂಗ್ ನಿಯಮದಲ್ಲಿ ಒಂದು ಮಾತಿದೆ. ಯಾವುದೇ ಪದಾರ್ಥವನ್ನು ಪದದಲ್ಲೋ ಚಿತ್ರದಲ್ಲೋ ಎತ್ತಿ ತೋರಿಸಿದರೆ, ಅದು ನಿಜಕ್ಕೂ ಎಷ್ಟು ಶೇಕಡಾ ಇದೆ ಎಂದು ಬರೆಯಲೇಬೇಕು. ರಾಗಿ ತೆನೆಯ ಫೋಟೊ ಹಾಕಿದ ಕೂಡಲೇ ಆ ಅಂಕಿ ಹಾಕುವ ಹೊಣೆ ಬಂದುಬಿಡುತ್ತದೆ. ನನಗೆ ಈ ಇಡೀ ನಿಯಮಾವಳಿಯಲ್ಲಿ ತುಂಬ ಇಷ್ಟವಾದ ಸಾಲು ಇದು. ಓದಲು ಬರುವ ಯಾರೇ ಆದರೂ ಆ ಒಂದು ಅಂಕಿ ನೋಡಿ ತೀರ್ಮಾನ ಮಾಡಬಹುದು.

ಕಂಪನಿ ಅಂಕಿ ಹಾಕಿದೆ, ಹೌದು. ಆದರೆ ಕಂದು ಹಿನ್ನೆಲೆಯ ಮೇಲೆ ತಿಳಿ ಕಂದು ಅಕ್ಷರದಲ್ಲಿ ಹಾಕಿದೆ. ನಮ್ಮ ಡಿಟಿಪಿಯವರ ಪಾಠದಲ್ಲಿ ಮೊದಲನೆಯದೇ ಹಿನ್ನೆಲೆಗೂ ಅಕ್ಷರಕ್ಕೂ ಬಣ್ಣದ ಅಂತರ ಇರಬೇಕು ಎನ್ನುವುದು. ಲೇಬಲ್ ಸ್ಪಷ್ಟವಾಗಿ, ಓದುವಂತೆ, ಎದ್ದು ಕಾಣುವಂತೆ ಇರಬೇಕೆಂದು ನಿಯಮವೂ ಹೇಳುತ್ತದೆ. ಇಷ್ಟು ಚಂದದ ಪ್ಯಾಕೆಟ್ ವಿನ್ಯಾಸ ಮಾಡಿದವರಿಗೆ ಆ ನಾಲ್ಕು ಸಾಲನ್ನು ಕಪ್ಪಿನಲ್ಲಿ ಹಾಕಲು ಬರಲಿಲ್ಲ ಎಂದರೆ ನಾನು ನಂಬುವುದಿಲ್ಲ.

ಇನ್ನು ಅದರ ಪೋಷಕಾಂಶದ ಕೋಷ್ಟಕ. 100 ಗ್ರಾಂ ಬಿಸ್ಕತ್ತಿನಲ್ಲಿ ಸೇರಿಸಿದ ಸಕ್ಕರೆ 24 ಗ್ರಾಂ. ಪಕ್ಕದ ಕಾಲಮ್ಮಿನಲ್ಲಿ ಒಂದು ಸರ್ವಿಂಗ್, ಅಂದರೆ ಎರಡು ಬಿಸ್ಕತ್ತು, 16 ಗ್ರಾಂ. ದಿನದ ಮಿತಿಯಲ್ಲಿ ಸುಮಾರು 8% ಎಂದು ಬರೆದಿದೆ. ಈ ಮಿತಿ ಎಲ್ಲಿಂದ ಬಂತು ಅಂದರೆ, 2,000 ಕಿಲೋಕ್ಯಾಲರಿಯ ದಿನದ ಊಟವನ್ನು ಲೆಕ್ಕಕ್ಕೆ ಹಿಡಿದು ಒಟ್ಟು ಕೊಬ್ಬು 67 ಗ್ರಾಂ, ಸ್ಯಾಚುರೇಟೆಡ್ ಕೊಬ್ಬು 22 ಗ್ರಾಂ, ಟ್ರಾನ್ಸ್ ಕೊಬ್ಬು 2 ಗ್ರಾಂ, ಸೇರಿಸಿದ ಸಕ್ಕರೆ 50 ಗ್ರಾಂ, ಸೋಡಿಯಂ 2,000 ಮಿಲಿಗ್ರಾಂ ಎಂದು ನಿಯಮವೇ ನಿಗದಿ ಮಾಡಿದೆ. ಲೆಕ್ಕ ಸರಿ ಇದೆ. ಆದರೆ ಸಂಜೆ ಕಾಫಿ ಜೊತೆ ಎರಡೇ ಬಿಸ್ಕತ್ತಿಗೆ ನಿಲ್ಲಿಸುವವರು ಯಾರು? ಎಂಟು ತಿಂದರೆ 15 ಗ್ರಾಂ ದಾಟುತ್ತದೆ, ದಿನದ ಪಾಲಿನಲ್ಲಿ 30% ಮುಗಿಯಿತು. ಹಾಗಾಗಿ ಸರ್ವಿಂಗ್ ಕಾಲಮ್ ನೋಡಬೇಡಿ. 100 ಗ್ರಾಂ ಕಾಲಮ್ ನೋಡಿ. ಎರಡು ಕಂಪನಿಯ ಬಿಸ್ಕತ್ತು ಹೋಲಿಸಲು ಅದೊಂದೇ ನೆಚ್ಚಿಕೊಳ್ಳುವಂಥ ದಾರಿ. ಬಿಸ್ಕತ್ತಿನ ರುಚಿ ಚೆನ್ನಾಗಿದೆ, ಗರಿಗರಿ ಇದೆ. ರಾಗಿ ಎಂದು ಕೊಳ್ಳಬೇಡಿ, ಬಿಸ್ಕತ್ತು ಎಂದು ಕೊಳ್ಳಿ.

ಇದಕ್ಕಿಂತ ನನಗೆ ಹೊಟ್ಟೆ ಉರಿದದ್ದು ಜೋನಿ ಬೆಲ್ಲದ ಲಡ್ಡು ನೋಡಿ. ಪ್ಲಾಸ್ಟಿಕ್ ಡಬ್ಬಿ, ಮುಚ್ಚಳದ ಮೇಲೆ ಹಸಿರು ಅಕ್ಷರದಲ್ಲಿ ‘ಶುಗರ್ ಫ್ರೀ’. ಮಾವನವರು ಒಂದು ಸಂಜೆ ವಾಕಿಂಗ್ ಮುಗಿಸಿ ಬರುತ್ತಾ ಇದನ್ನು ತಂದರು. "ಇದು ಬೆಲ್ಲದ್ದಂತೆ ಕಣಮ್ಮ, ಶುಗರ್ ಇದ್ದೋರೂ ತಿನ್ನಬಹುದಂತೆ" ಅಂದರು. ಅವರ ಮುಖದಲ್ಲಿದ್ದ ಖುಷಿ ನೋಡಿ ಡಬ್ಬಿ ಕಿತ್ತುಕೊಳ್ಳಲು ಮನಸ್ಸೇ ಬರಲಿಲ್ಲ. ಹಿಂಬದಿ ನೋಡಿದೆ. ಒಟ್ಟು ಸಕ್ಕರೆ 100 ಗ್ರಾಂಗೆ 38 ಗ್ರಾಂ. ಒಂದು ಲಡ್ಡು 30 ಗ್ರಾಂ ತೂಗುತ್ತದೆ. ಅಂದರೆ ಒಂದೇ ಲಡ್ಡುವಿನಲ್ಲಿ 11 ಗ್ರಾಂಗಿಂತ ಜಾಸ್ತಿ ಸಕ್ಕರೆ.

ಬೆಲ್ಲದಲ್ಲಿ ಬಹುಪಾಲು ಇರುವುದು ಸುಕ್ರೋಸ್. ಚೀಲದ ಸಕ್ಕರೆಯೂ ಅದೇ. ದೇಹ ಬಣ್ಣ ನೋಡಿ ಬೇರೆ ಮಾಡುವುದಿಲ್ಲ. ಕಾನೂನೂ ಬೇರೆ ಮಾಡಿಲ್ಲ. 2018ರ ಜಾಹೀರಾತು ಮತ್ತು ಕ್ಲೇಮ್‌ಗಳ ನಿಯಮದ ಪ್ರಕಾರ ‘ಶುಗರ್ ಫ್ರೀ’ ಎನ್ನಬೇಕಾದರೆ 100 ಗ್ರಾಂನಲ್ಲಿ ಸಕ್ಕರೆ ಅಂಶ ಅರ್ಧ ಗ್ರಾಂ ಮೀರಬಾರದು. ‘ಲೋ ಶುಗರ್’ ಎನ್ನಬೇಕಾದರೆ ಗಟ್ಟಿ ಪದಾರ್ಥದಲ್ಲಿ 5 ಗ್ರಾಂ ಮೀರಬಾರದು. ‘ನೋ ಆ್ಯಡೆಡ್ ಶುಗರ್’ ಎನ್ನಬೇಕಾದರೆ ಸಕ್ಕರೆ, ಜೇನು, ಸಿರಪ್ ಯಾವ ರೂಪದಲ್ಲೂ ಸಿಹಿ ಸೇರಿಸಿರಬಾರದು, ಸಕ್ಕರೆಯ ಬದಲಿಗೆಂದು ಹಣ್ಣಿನ ಗಟ್ಟಿ ರಸವನ್ನೂ ಸುರಿದಿರಬಾರದು. ಅರ್ಧ ಗ್ರಾಂ ಇರಬೇಕಾದ ಕಡೆ 38 ಗ್ರಾಂ. ಇದು ಸಣ್ಣ ತಪ್ಪಲ್ಲ. ಶುಗರ್ ಇರುವ ಒಬ್ಬ ಹಿರಿಯರು ನಂಬಿ ದಿನಕ್ಕೆರಡು ತಿಂದರೆ ಆಗುವ ಅನಾಹುತಕ್ಕೆ ಹೊಣೆ ಯಾರು?

ಮರುದಿನ ಅಂಗಡಿಗೆ ಹೋಗಿ ಡಬ್ಬಿ ತೋರಿಸಿದೆ. ಅಂಗಡಿಯಾಕೆ, "ಅಕ್ಕ, ನಾವು ಮಾಡೋದಲ್ಲ, ಬಂದಿದ್ದನ್ನ ಮಾರ್ತೀವಿ ಅಷ್ಟೇ" ಎಂದಳು. ಬಹಳ ಅಂಗಡಿಯವರು ಹೇಳುವ ಮಾತು ಇದು. ಅವಳಿಗೆ ಕೂತು ಹೇಳಿದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 52ನೇ ಸೆಕ್ಷನ್ ತಪ್ಪು ಲೇಬಲ್ ಇರುವ ಆಹಾರದ ಬಗ್ಗೆ. ದಂಡ 3 ಲಕ್ಷ ರೂಪಾಯಿವರೆಗೆ. ಅದು ತಯಾರಿಸಿದವರಿಗೆ ಮಾತ್ರ ಅಲ್ಲ. ದಾಸ್ತಾನು ಇಟ್ಟವರು, ಮಾರಿದವರು, ಹಂಚಿದವರು ಎಲ್ಲರೂ ಅದರೊಳಗೆ ಬರುತ್ತಾರೆ. ಜಾಹೀರಾತಿನಲ್ಲಿ ದಾರಿ ತಪ್ಪಿಸಿದರೆ 53ನೇ ಸೆಕ್ಷನ್, ಅಲ್ಲಿ ದಂಡ 10 ಲಕ್ಷದವರೆಗೆ ಹೋಗುತ್ತದೆ. ಅವಳು ಗಾಬರಿಯಾದಳು. ಹೆದರಿಸಲು ಹೇಳಿದ್ದಲ್ಲ. ಮಾರುವವರು ಬೇಡ ಎಂದರೆ ತಯಾರಕರು ಒಂದೇ ವಾರದಲ್ಲಿ ಲೇಬಲ್ ಬದಲಿಸುತ್ತಾರೆ. ನಾವು ಗ್ರಾಹಕರು ವರ್ಷಗಟ್ಟಲೆ ಗೋಗರೆದರೂ ಆಗದ ಕೆಲಸ ಅದು.

ಇದೇ ಅಂಗಡಿಯ ಅಪ್ಪೆಮಿಡಿ ಉಪ್ಪಿನಕಾಯಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಸಾಗರದ ಕಡೆಯ ಒಂದು ಮನೆಯವರು ಮಾಡುವುದು. ಲೇಬಲ್ ಬಿಳಿ ಹಾಳೆ, ಕಪ್ಪು ಅಕ್ಷರ. ಪದಾರ್ಥಗಳು ಐದೇ ಐದು: ಮಾವಿನ ಮಿಡಿ, ಉಪ್ಪು, ಮೆಣಸಿನ ಪುಡಿ, ಸಾಸಿವೆ, ಅರಿಶಿನ. ಸೋಡಿಯಂ 100 ಗ್ರಾಂಗೆ 6,000 ಮಿಲಿಗ್ರಾಂ ಎಂದು ಮುಚ್ಚಿಡದೆ ಹಾಕಿದ್ದಾರೆ. 10 ಗ್ರಾಂ ಮಿಡಿ ತಿಂದರೆ 600 ಮಿಲಿಗ್ರಾಂ, ದಿನದ ಮಿತಿಯ 30%. ಮಾವನವರ ಬಿಪಿಗೆ ಇದು ಜಾಸ್ತಿಯೇ. ಆದರೆ ನನಗೆ ಗೊತ್ತಿದೆ, ಹಾಗಾಗಿ ವಾರಕ್ಕೊಂದು ಮಿಡಿ, ಅದೂ ಅರ್ಧ ಎಂದು ಕಟ್ಟುಮಾಡಿದ್ದೇನೆ. ಲೇಬಲ್ ಮಾಡಬೇಕಾದ ಕೆಲಸ ಇದೇ. ತಿನ್ನಬೇಡಿ ಎಂದು ಹೇಳುವುದಲ್ಲ, ಎಷ್ಟು ತಿನ್ನಬಹುದು ಎಂದು ನಾವೇ ನಿರ್ಧರಿಸುವಂತೆ ಮಾಡುವುದು. ತೊಟ್ಟು ಮುರಿದರೆ ಬರುವ ಆ ಸೊನೆಯ ಘಮ ಭರಣಿಯಿಂದ ತೆಗೆದ ಮೇಲೂ ಉಳಿದಿದೆ. ಮಿಡಿ ಮೆತ್ತಗಾಗಿಲ್ಲ, ಕಚ್ಚಿದರೆ ಕಟ್ ಎನ್ನುತ್ತದೆ. ಧೈರ್ಯವಾಗಿ ತೆಗೆದುಕೊಳ್ಳಿ.

ಆ ಬಾಟಲಿಯ ಮೇಲೂ ಮೊದಲು ‘ಹೋಮ್ ಮೇಡ್’ ಎಂದು ಇತ್ತು. ಈಗಿಲ್ಲ. ತಯಾರಕರೇ ತೆಗೆಸಿದ್ದಾರೆ. ನನ್ನ ಹತ್ತಿರ ಸ್ಟಿಕ್ಕರ್ ಮಾಡಿಸಲು ಬರುವ ಹತ್ತರಲ್ಲಿ ಎಂಟು ಜನ ಮೊದಲು ಕೇಳುವುದೇ ಅದು: "ಮೇಡಂ, ಹೋಮ್ ಮೇಡ್ ಅಂತ ದೊಡ್ಡದಾಗಿ ಹಾಕಿ." ಗ್ರಾಹಕರಿಗೆ ತಪ್ಪು ಭಾವನೆ ಬರುವಂತೆ ‘ಹೋಮ್ ಮೇಡ್’, ‘ಹೋಮ್ ಕುಕ್ಡ್’ ಇತ್ಯಾದಿ ಬಳಸಬಾರದು ಎಂದು ಅದೇ 2018ರ ನಿಯಮದಲ್ಲಿದೆ. ಐವತ್ತು ಜನ ಕೆಲಸ ಮಾಡುವ ಶೆಡ್ಡಿನಲ್ಲಿ ತಯಾರಾದದ್ದನ್ನು ಅಮ್ಮನ ಕೈರುಚಿ ಎಂದು ಮಾರಿದರೆ, ನಿಜವಾಗಿ ಮನೆಯಲ್ಲೇ ಮಾಡುವ ಸಾಗರದ ಆ ಮನೆಯವರಿಗೆ ಅನ್ಯಾಯ ಅಲ್ವಾ? ಊರು, ವಿಳಾಸ, ಬ್ಯಾಚ್ ನಂಬರ್ ಸರಿಯಾಗಿ ಹಾಕಿದರೆ ಸಾಕು. ಜನ ತಾವಾಗಿಯೇ ತಿಳಿದುಕೊಳ್ಳುತ್ತಾರೆ.

ಎಣ್ಣೆಯ ಸಾಲಿಗೆ ಬಂದರೆ ಗಾಣದ ಶೇಂಗಾ ಎಣ್ಣೆಯ ಬಾಟಲಿ ಮೇಲೆ ‘ಕೊಲೆಸ್ಟ್ರಾಲ್ ಫ್ರೀ’ ಇದೆ. ಯಾವ ಗಿಡದ ಎಣ್ಣೆಯಲ್ಲೂ ಹೇಳುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ. ಅದು ಪ್ರಾಣಿಜನ್ಯ ಆಹಾರದಲ್ಲಿರುವ ವಸ್ತು. ಎಲ್ಲ ಶೇಂಗಾ ಎಣ್ಣೆಗೂ ಇರುವ ಗುಣವನ್ನು ನಮ್ಮ ಬಾಟಲಿಯ ವಿಶೇಷ ಎಂಬಂತೆ ಹೇಳಬಾರದು. ಬ್ರ್ಯಾಂಡ್ ಹೆಸರಿನಲ್ಲೇ ‘ನ್ಯಾಚುರಲ್’ ಇದೆ. ಅದಕ್ಕೆ ನಿಯಮದ ಪ್ರಕಾರ, ‘ಇದು ಬ್ರ್ಯಾಂಡ್ ಹೆಸರು ಮಾತ್ರ, ಪದಾರ್ಥದ ನಿಜ ಗುಣವನ್ನು ಹೇಳುವುದಿಲ್ಲ’ ಎಂಬ ಒಂದು ಸಾಲು ಹಾಕಬೇಕು. ಅಕ್ಷರ ಕನಿಷ್ಠ 3 ಮಿಲಿಮೀಟರ್ ಇರಬೇಕು. ಇವರು ಹಾಕಿದ್ದಾರೆ, ಆದರೆ ಬಾಟಲಿಯ ಬುಡದ ಹತ್ತಿರ, ಸ್ಕೇಲ್ ಇಟ್ಟು ನೋಡಿದರೆ 1 ಮಿಲಿಮೀಟರ್ ಕೂಡ ಇಲ್ಲ. ಎಣ್ಣೆ ಮಾತ್ರ ಚೆನ್ನಾಗಿದೆ, ಒಗ್ಗರಣೆಗೆ ಹಾಕಿದರೆ ಬೀದಿಯವರೆಗೂ ಘಮ ಹೋಗುತ್ತದೆ. ಇಷ್ಟು ಒಳ್ಳೆಯ ಎಣ್ಣೆಗೆ ಈ ಸುಳ್ಳು ಹೊಗಳಿಕೆ ಯಾಕೆ ಬೇಕು ಎನ್ನುವುದೇ ನನ್ನ ಸಂಕಟ.

ಅದೇ ಸಾಲಿನಲ್ಲಿ ದೀಪದ ಎಣ್ಣೆಯ ಬಾಟಲಿಗಳನ್ನೂ ಇಟ್ಟಿದ್ದರು. ನೋಡಲು ಎಳ್ಳೆಣ್ಣೆ ತರಹವೇ. ದೀಪದ ಎಣ್ಣೆ, ಪೂಜೆಯ ತುಪ್ಪ ಇವು ತಿನ್ನಲು ಮಾಡಿದ್ದಲ್ಲವಾದರೆ ಪ್ಯಾಕೆಟ್ ಮೇಲೆ ಕಪ್ಪು ಚೌಕದೊಳಗೆ ಕಪ್ಪು ಇಂಟು ಗುರುತು ಇರಬೇಕು. ಇದು ಬಹಳ ಜನಕ್ಕೆ ಗೊತ್ತಿಲ್ಲ. ಹಸಿರು ಚೌಕದ ಹಸಿರು ಚುಕ್ಕೆ ಸಸ್ಯಾಹಾರ, ಕಂದು ಚೌಕದ ತ್ರಿಕೋನ ಮಾಂಸಾಹಾರ ಎನ್ನುವುದು ಗೊತ್ತಿರುತ್ತದೆ. ಈ ಕಪ್ಪು ಗುರುತನ್ನೂ ಮನೆಯಲ್ಲಿ ಎಲ್ಲರಿಗೂ, ಅದರಲ್ಲೂ ಅಡುಗೆಗೆ ಬರುವವರಿಗೆ, ತೋರಿಸಿಕೊಡಿ. ನಾನು ಹೇಳಿದ ಮೇಲೆ ಅಂಗಡಿಯವರು ಆ ಬಾಟಲಿಗಳನ್ನು ಕರ್ಪೂರ, ಊದುಬತ್ತಿಯ ಪಕ್ಕಕ್ಕೆ ಒಯ್ದರು. ಒಂದು ನಿಮಿಷವೂ ತಡ ಮಾಡಲಿಲ್ಲ. ಇದನ್ನು ಬರೆಯಲೇಬೇಕು.

ಚಟ್ನಿಪುಡಿ ನನ್ನ ಅಕ್ಕನ ಮಗನ ವಿಷಯ. ಶೇಂಗಾ ಚಟ್ನಿಪುಡಿಯನ್ನು ಅವನು ಮುಟ್ಟುವುದಿಲ್ಲ, ಅದು ಸುಲಭ. ಕಷ್ಟ ಇರುವುದು ಅಗಸೆ, ಗುರೆಳ್ಳು, ಕರಿಬೇವಿನ ಚಟ್ನಿಪುಡಿಗಳಲ್ಲಿ. ಒಂದೇ ಮಿಕ್ಸಿ, ಒಂದೇ ಬಾಣಲೆ, ಒಂದೇ ಸೌಟು. ಶೇಂಗಾ ಪುಡಿ ಮಾಡಿದ ಮೇಲೆ ತೊಳೆಯದೆ ಅಗಸೆ ಹಾಕಿದರೆ ಮುಗಿಯಿತು. ಅಲರ್ಜಿ ತರುವ ಪದಾರ್ಥಗಳ ಪಟ್ಟಿ ನಿಯಮದಲ್ಲೇ ಇದೆ: ಗ್ಲುಟೆನ್ ಇರುವ ಧಾನ್ಯ, ಸಿಗಡಿ ಏಡಿಯಂಥವು, ಹಾಲು, ಮೊಟ್ಟೆ, ಮೀನು, ಶೇಂಗಾ ಮತ್ತು ಗೋಡಂಬಿ ಬಾದಾಮಿಯಂಥ ಬೀಜಗಳು, ಸೋಯಾ, ಕಿಲೋಗೆ 10 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸಲ್ಫೈಟ್ ಎಂಬ ಕೆಡದಂತೆ ಕಾಯುವ ರಾಸಾಯನಿಕ. ಒಳಗಿದ್ದರೆ ‘ಇದೆ’ ಎಂದು ಬೇರೆಯಾಗಿ ಬರೆಯಬೇಕು. ತಯಾರಿಸುವಾಗ ಬೆರೆಯುವ ಸಾಧ್ಯತೆ ಇದ್ದರೆ ‘ಇರಬಹುದು’ ಎಂದು ಬರೆಯಬೇಕು.

ಇಲ್ಲಿರುವ ಮೂರು ಕಂಪನಿಗಳ ಅಗಸೆ ಚಟ್ನಿಪುಡಿಯಲ್ಲಿ ಒಂದರ ಮೇಲೆ ಮಾತ್ರ ‘ಮೇ ಕಂಟೇನ್ ಪೀನಟ್ಸ್’ ಎಂದಿತ್ತು. ಅದೇ ನನಗೆ ನಂಬಿಕೆ ಬಂದ ಕಂಪನಿ. ಉಳಿದೆರಡರ ಪ್ಯಾಕೆಟ್ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ಒಬ್ಬರು ಎತ್ತಲಿಲ್ಲ. ಇನ್ನೊಬ್ಬರು, ಒಬ್ಬ ಹಿರಿಯ ಹೆಂಗಸು, "ಹೌದು ತಾಯಿ, ಶೇಂಗಾನೂ ಅದ್ರಲ್ಲೇ ಪುಡಿ ಮಾಡೋದು, ಹಾಕ್ಬೇಕು ಅಂತ ಗೊತ್ತಿರ್ಲಿಲ್ಲ" ಎಂದರು. ಹಾಕಿಸುತ್ತೇನೆ ಎಂದೂ ಹೇಳಿದರು. ಸ್ಟಿಕ್ಕರಿನ ಮ್ಯಾಟರ್ ನಾನೇ ಬರೆದು ಕಳಿಸಿಕೊಟ್ಟೆ.

ಎಚ್ಚರಿಕೆ ಇರುವ ಆ ಒಂದು ಪ್ಯಾಕೆಟ್ಟಿನಲ್ಲೂ ಅದು ಇಂಗ್ಲಿಷಿನಲ್ಲಿದೆ. ಲೇಬಲ್ ವಿವರ ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿರಬೇಕು, ಬೇರೆ ಭಾಷೆಯನ್ನು ಅದರ ಜೊತೆಗೆ ಬೇಕಾದರೆ ಹಾಕಬಹುದು ಎನ್ನುತ್ತದೆ ಕೇಂದ್ರದ ನಿಯಮ. ಶಿವಮೊಗ್ಗದಲ್ಲಿ ಮಾಡಿ, ಶಿವಮೊಗ್ಗದಲ್ಲೇ ಮಾರಿ, ಶಿವಮೊಗ್ಗದವರೇ ತಿನ್ನುವ ಅಗಸೆ ಪುಡಿಯ ಎಚ್ಚರಿಕೆ ಕನ್ನಡದಲ್ಲಿ ಇಲ್ಲದಿದ್ದರೂ ಕೇಂದ್ರದ ಲೆಕ್ಕದಲ್ಲಿ ಅದು ಸರಿ! ನನಗೆ ಇದು ಒಪ್ಪಿಗೆಯಾಗುವುದೇ ಇಲ್ಲ. ಅಕ್ಕನ ಮಗನಿಗೆ ಊಟ ಬಡಿಸುವವರು ಅವನ ಅಜ್ಜಿ. ಅವರು ಪ್ರಜಾವಾಣಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು. ಇಂಗ್ಲಿಷ್ ಬಾರದು. ನಮ್ಮ ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022, ಇಲ್ಲಿ ತಯಾರಾಗುವ ವಸ್ತುಗಳ ಮೇಲೆ ಹೆಸರು ಮತ್ತು ಬಳಸುವ ಸೂಚನೆ ಕನ್ನಡದಲ್ಲೂ ಇರಬೇಕು ಎನ್ನುತ್ತದೆ. ಹೆಸರು ಕನ್ನಡದಲ್ಲಿ ಬಂದಿದೆ, ಸಂತೋಷ. ಆದರೆ ಪ್ರಾಣಕ್ಕೆ ಸಂಬಂಧಿಸಿದ ಸಾಲು ಇಂಗ್ಲಿಷಿನಲ್ಲೇ ಉಳಿದರೆ ಆ ಅಜ್ಜಿಗೆ ಏನು ಉಪಯೋಗ? ಪದಾರ್ಥಗಳ ಪಟ್ಟಿ, ಅಲರ್ಜಿ ಎಚ್ಚರಿಕೆ, ಕೊನೆಯ ದಿನಾಂಕ, ಈ ಮೂರು ಕನ್ನಡದಲ್ಲಿ ಇರಲೇಬೇಕು. ಒಂದು ಸ್ಟಿಕ್ಕರಿನಲ್ಲಿ ಎರಡು ಸಾಲು ಹೆಚ್ಚು ಹಾಕಲು ತಯಾರಕರಿಗೆ ಬೀಳುವ ಖರ್ಚು ಎಷ್ಟು ಎಂದು ನನಗೆ ಚೆನ್ನಾಗಿ ಗೊತ್ತು. ಏನೂ ಇಲ್ಲ. ಅದೇ ಹಾಳೆ, ಅದೇ ಇಂಕು.

ಹಲಸಿನ ಹಪ್ಪಳಕ್ಕೆ ಲೇಬಲ್ಲೇ ಇಲ್ಲ. ಪ್ಲಾಸ್ಟಿಕ್ ಕವರ್, ಅದಕ್ಕೊಂದು ವಿಸಿಟಿಂಗ್ ಕಾರ್ಡ್ ಪಿನ್ ಹೊಡೆದಿದ್ದಾರೆ. ಯಾವಾಗ ಮಾಡಿದ್ದು, ಯಾವಾಗಿನವರೆಗೆ ತಿನ್ನಬಹುದು, ಏನೂ ಇಲ್ಲ. ತಯಾರಿಸಿದ ದಿನಾಂಕ ಮತ್ತು ಎಕ್ಸ್‌ಪೈರಿ ಅಥವಾ ಯೂಸ್ ಬೈ ದಿನಾಂಕ ಎರಡೂ ಈಗ ಕಡ್ಡಾಯ. ಬೆಸ್ಟ್ ಬಿಫೋರ್ ಬೇಕಾದರೆ ಜೊತೆಗೆ ಹಾಕಬಹುದು, ಅದೊಂದನ್ನೇ ಹಾಕಿ ಬಿಡುವಂತಿಲ್ಲ. ಪಿನ್ ಹೊಡೆಯುವುದಂತೂ ಬೇಡವೇ ಬೇಡ, ಕರಿಯುವಾಗ ಎಣ್ಣೆಗೆ ಬಿದ್ದರೆ? ಹಪ್ಪಳ ಮಾಡುವವರು ಹಳ್ಳಿಯ ಹೆಂಗಸರು, ಅವರಿಗೆ ಲೈಸೆನ್ಸ್ ಎಂದರೆ ಭಯ. ಆದರೆ ಸಣ್ಣ ತಯಾರಕರಿಗೆ ದೊಡ್ಡ ಲೈಸೆನ್ಸ್ ಬೇಕಿಲ್ಲ, ನೋಂದಣಿ ಸಾಕು. ಸರ್ಕಾರಿ ಶುಲ್ಕ ವರ್ಷಕ್ಕೆ 100 ರೂಪಾಯಿ. ಮಧ್ಯವರ್ತಿಗಳು ಸಾವಿರಗಟ್ಟಲೆ ಕೇಳುತ್ತಾರೆ, ಅದಕ್ಕೇ ಜನ ಹಿಂದೆ ಸರಿಯುವುದು. ಆನ್‌ಲೈನಿನಲ್ಲಿ ನೇರವಾಗಿ ಅರ್ಜಿ ಹಾಕಬಹುದು.

ನೋಂದಣಿ ಆದ ಮೇಲೆ ಸಿಗುವ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರನ್ನು ಓದುವುದೂ ಕಷ್ಟವಲ್ಲ. ಮೊದಲ ಅಂಕಿ 1 ಇದ್ದರೆ ಲೈಸೆನ್ಸ್, 2 ಇದ್ದರೆ ನೋಂದಣಿ. ನಂತರದ ಎರಡು ಅಂಕಿ ರಾಜ್ಯ. ಕರ್ನಾಟಕಕ್ಕೆ 12. ಅದಾದ ಮೇಲಿನ ಎರಡು ಅಂಕಿ ವರ್ಷ. ಅಂದರೆ 212ರಿಂದ ಶುರುವಾದ ನಂಬರ್ ಕಂಡರೆ ನಮ್ಮ ರಾಜ್ಯದ ಸಣ್ಣ ತಯಾರಕರದ್ದು ಎಂದು ತಿಳಿಯಬಹುದು. ನಂಬರ್ ನಿಜವೇ ಎಂದು ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಈ ಅಂಗಡಿಯ ಬಿಲ್ಲಿನ ಮೇಲೆ ಅಂಗಡಿಯ ನಂಬರ್ ಸರಿಯಾಗಿ ಮುದ್ರಿಸಿದ್ದಾರೆ. 2022ರ ಜನವರಿಯಿಂದ ಅದು ಕಡ್ಡಾಯ. ಎಷ್ಟೋ ದೊಡ್ಡ ಹೋಟೆಲುಗಳ ಬಿಲ್ಲಿನಲ್ಲೂ ನಾನು ಅದನ್ನು ಕಂಡಿಲ್ಲ.

ಬೆಲೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಎಂಆರ್‌ಪಿ ಪಕ್ಕದಲ್ಲಿ ಸಣ್ಣದಾಗಿ ಗ್ರಾಂಗೆ ಇಷ್ಟು ಎಂದು ಬರೆದಿರುತ್ತದೆ, ಅದೂ ನಿಯಮವೇ. ಸಾಮೆ ಅಕ್ಕಿ ಒಂದು ಕಂಪನಿಯದ್ದು 90 ರೂಪಾಯಿ, ಇನ್ನೊಂದರದ್ದು 95. ಅಗ್ಗ ಎಂದು 90ರದ್ದು ಎತ್ತಿಕೊಂಡರೆ ಅದು 450 ಗ್ರಾಂ, ಗ್ರಾಂಗೆ 20 ಪೈಸೆ. 95ರದ್ದು ಅರ್ಧ ಕಿಲೋ, ಗ್ರಾಂಗೆ 19 ಪೈಸೆ. ಪ್ಯಾಕೆಟ್ ಗಾತ್ರ ಎರಡೂ ಒಂದೇ ತರಹ ಕಾಣುತ್ತದೆ.

ಕೌಂಟರಿನ ಹತ್ತಿರ ರಾಗಿ ಮಾಲ್ಟ್ ಡಬ್ಬಿ ಇದೆ, ಮೇಲೆ ‘ಹೆಲ್ತ್ ಡ್ರಿಂಕ್’. ನಮ್ಮ ಆಹಾರ ಕಾಯ್ದೆಯಲ್ಲಿ ಆ ಹೆಸರಿನ ವರ್ಗವೇ ಇಲ್ಲ. 2024ರ ಏಪ್ರಿಲ್‌ನಲ್ಲಿ ಎಫ್‌ಎಸ್‌ಎಸ್‌ಎಐ ಆನ್‌ಲೈನ್ ಮಾರಾಟದವರಿಗೆ, ಹಾಲು, ಧಾನ್ಯ, ಮಾಲ್ಟ್ ಆಧಾರದ ಪುಡಿಗಳನ್ನು ಹೆಲ್ತ್ ಡ್ರಿಂಕ್ ಎಂಬ ತಲೆಬರಹದಡಿ ಮಾರಬೇಡಿ ಎಂದು ಸೂಚಿಸಿತು. ಜೂನ್‌ನಲ್ಲಿ ‘100% ಹಣ್ಣಿನ ರಸ’ ಎಂಬ ಹೇಳಿಕೆಯನ್ನು ಲೇಬಲ್ ಮತ್ತು ಜಾಹೀರಾತಿನಿಂದ ತೆಗೆಯಲು ಹೇಳಿತು, ಗಟ್ಟಿ ರಸಕ್ಕೆ ನೀರು ಬೆರೆಸಿ ಮಾಡಿದ್ದನ್ನು ಹಾಗೆ ಕರೆಯಬಾರದೆಂದು. ಬೇಳೆಗೊಂದು, ಬಿಸ್ಕತ್ತಿಗೊಂದು ಎಂದು ಹೀಗೆ ಒಂದೊಂದೇ ಆದೇಶ ಬರುವುದಕ್ಕಿಂತ, ಸಕ್ಕರೆ, ಉಪ್ಪು, ಕೊಬ್ಬು ಜಾಸ್ತಿ ಇದ್ದರೆ ಪ್ಯಾಕೆಟ್ಟಿನ ಮುಂಭಾಗದಲ್ಲೇ ಎಚ್ಚರಿಕೆ ಹಾಕಿ ಎಂದು ಹೇಳಿದರೆ ಬಹಳ ತಲೆನೋವು ತಪ್ಪುತ್ತದೆ. ಆಹಾರ ಎಷ್ಟು ಒಳ್ಳೆಯದು ಎಂದು ತೋರಿಸಲು ಪ್ಯಾಕೆಟ್ಟಿಗೆ ನಕ್ಷತ್ರ ಕೊಡುವ ಒಂದು ಕರಡು ನಿಯಮ 2022ರಲ್ಲಿ ಬಂದಿತ್ತು. ನನಗೆ ನಕ್ಷತ್ರ ಇಷ್ಟವಿಲ್ಲ. ಸಿಹಿ ಬಿಸ್ಕತ್ತಿಗೂ ಎರಡು ನಕ್ಷತ್ರ ಕೊಟ್ಟರೆ ಜನ ಅದನ್ನು ಬಹುಮಾನ ಎಂದುಕೊಳ್ಳುತ್ತಾರೆ. ಚಿಲಿ ದೇಶದಲ್ಲಿ 2016ರಿಂದ ಕಪ್ಪು ಎಂಟುಮೂಲೆಯ ಗುರುತಿನೊಳಗೆ ‘ಸಕ್ಕರೆ ಜಾಸ್ತಿ’ ಎಂದು ಸೀದಾ ಬರೆಯುತ್ತಾರೆ. ಓದು ಬಾರದವರಿಗೂ ಅರ್ಥವಾಗುತ್ತದೆ. ನಮಗೆ ಬೇಕಾದದ್ದು ಅಂಥದ್ದು.

ಅಂಗಡಿಯವರ ಬಗ್ಗೆ ಮತ್ತೆ ಹೇಳುತ್ತೇನೆ. ಅವರು ಕೇಳಿಸಿಕೊಳ್ಳುತ್ತಾರೆ. ಹಪ್ಪಳದ ಹೆಂಗಸರ ನಂಬರ್ ಕೊಟ್ಟಿದ್ದಾರೆ, ನೋಂದಣಿ ಅರ್ಜಿ ತುಂಬಲು ನಾನು ಸಹಾಯ ಮಾಡುತ್ತಿದ್ದೇನೆ. ಬಿಡಿಯಾಗಿ ಮಾರುವ ಸಿಹಿಯ ತಟ್ಟೆಗಳ ಮುಂದೆ ಯಾವ ದಿನದವರೆಗೆ ತಿನ್ನಬಹುದು ಎಂಬ ಚೀಟಿಯನ್ನು ಅವರು ಯಾರೂ ಹೇಳದೆ ಮೊದಲಿನಿಂದಲೂ ಇಟ್ಟಿದ್ದಾರೆ, 2020ರ ಅಕ್ಟೋಬರ್‌ನಿಂದ ಇರುವ ನಿಯಮ ಅದು. ಕೌಂಟರಿನಲ್ಲಿ ಒಂದು ಭೂತಗನ್ನಡಿ ಇಡಿ ಎಂದು ಹೇಳಿದ್ದೆ, ಇಟ್ಟಿದ್ದಾರೆ. ವಯಸ್ಸಾದವರು ಅದನ್ನು ಬಳಸುವುದನ್ನು ನೋಡಿದ್ದೇನೆ.

ಆದರೆ ಲಡ್ಡು ಇನ್ನೂ ಅಲ್ಲೇ ಇದೆ. ಈ ಸ್ಟಾಕ್ ಮುಗಿಯಲಿ ಅಕ್ಕ ಎನ್ನುತ್ತಾರೆ. ಇದೊಂದನ್ನು ನಾನು ಒಪ್ಪುವುದಿಲ್ಲ. ಬಿಸ್ಕತ್ತಿನ ಬಣ್ಣ, ಎಣ್ಣೆಯ ಹೊಗಳಿಕೆ ನಿಧಾನ ಸರಿಹೋಗಲಿ. ‘ಶುಗರ್ ಫ್ರೀ’ ಎಂದು ಬರೆದ 38 ಗ್ರಾಂ ಸಕ್ಕರೆ ಒಂದು ದಿನವೂ ಕಪಾಟಿನಲ್ಲಿ ಇರಬಾರದು. ಡಬ್ಬಿಯ ಮುಂದೆ, ಹಿಂದೆ, ಬ್ಯಾಚ್ ನಂಬರ್ ಮತ್ತು ಬಿಲ್ಲಿನ ಫೋಟೊ ಸೇರಿಸಿ ತಯಾರಕರ ಮೇಲೆ ಅದೇ ಆ್ಯಪ್‌ನಲ್ಲಿ ದೂರು ಹಾಕಿದ್ದೇನೆ. ಯಾರಿಗಾದರೂ ಪದಾರ್ಥದ ಮೇಲೆಯೇ ಅನುಮಾನ ಇದ್ದರೆ, ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಕೊಂಡವರೇ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ನಿಯಮ ಮೀರಿದ್ದು ಸಾಬೀತಾದರೆ ಕಟ್ಟಿದ ಶುಲ್ಕ ವಾಪಸ್ ಸಿಗುತ್ತದೆ.

ಹೋಗುವವರು ಅಪ್ಪೆಮಿಡಿ, ಸಾಮೆ, ನವಣೆ, ಗಾಣದ ಎಣ್ಣೆ ತನ್ನಿ. ಹಪ್ಪಳ ಲೇಬಲ್ ಬಂದ ಮೇಲೆ ತನ್ನಿ. ಮನೆಯಲ್ಲಿ ಅಲರ್ಜಿ ಇರುವ ಮಕ್ಕಳಿದ್ದರೆ ಚಟ್ನಿಪುಡಿಗೆ ಮೊದಲು ಫೋನ್ ಮಾಡಿ ಕೇಳಿ. ಭಾನುವಾರ ಮಧ್ಯಾಹ್ನದ ಮೇಲೆ ಅಂಗಡಿ ಇರುವುದಿಲ್ಲ. ಐದರಲ್ಲಿ ಮೂರು ಅಂಕ ಕೊಡುತ್ತಿದ್ದೇನೆ. ಆ ಲಡ್ಡು ಕಪಾಟಿನಿಂದ ಇಳಿದ ದಿನ ನಾಲ್ಕು ಮಾಡುತ್ತೇನೆ, ಅಂಗಡಿಯವರಿಗೂ ಇದನ್ನು ಹೇಳಿದ್ದೇನೆ.